‘ಆಗುವುದಿಲ್ಲ’ ಅಂದವರ ಮನೆಗೂ ಹೋಗುತ್ತೇವೆ

ಕರಾವಳಿಯ ಸಣ್ಣ ಊರೊಂದರಲ್ಲಿ ನಾವು ಕೆಲವು ಹೆಂಗಸರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುತ್ತೇವೆ. ಲಕ್ವ ಹೊಡೆದವರು, ಕ್ಯಾನ್ಸರಿನ ಕೊನೆಯ ಹಂತದವರು, ಸೊಂಟದ ಮೂಳೆ ಮುರಿದು ಮತ್ತೆ ಏಳಲಾಗದ ಅಜ್ಜಿಯಂದಿರು. ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡುವುದು, ಕ್ಯಾಥೆಟರ್ ಬದಲಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವ ಕ್ರಮವನ್ನು ಮನೆಯವರಿಗೆ ಹೇಳಿಕೊಡುವುದು ನಮ್ಮ ಕೆಲಸ. ನಾನು ನಿವೃತ್ತ ನರ್ಸ್. ಜೊತೆಗಿರುವವರಲ್ಲಿ ಒಬ್ಬರು ಟೀಚರ್ ಆಗಿದ್ದವರು, ಕೆಲವರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ನಾವೆಲ್ಲ ಒಂದೇ ಕ್ರೈಸ್ತ ಸಭೆಗೆ ಸೇರಿದವರು. ರೋಗಿಗಳು ಮಾತ್ರ ಎಲ್ಲ ಜಾತಿ, ಮತದವರು.

ಈ ಕೆಲಸಕ್ಕೆ ಬೆಂಬಲ ಕೇಳಿದಾಗ ಸಿಕ್ಕ ಉತ್ತರಗಳಲ್ಲಿ ‘ಆಗುವುದಿಲ್ಲ’ ಎಂಬುದೇ ಹೆಚ್ಚು. ಸಭೆಯ ಕಮಿಟಿ ಅಂದಿದೆ, ಹಳೆಯ ಸಹೋದ್ಯೋಗಿಗಳು ಅಂದಿದ್ದಾರೆ, ಸ್ವಂತ ಮನೆಯವರು ಅಂದಿದ್ದಾರೆ. ವಿಶ್ವಾಸಿಗಳಿಗೆ ಈ ಮಾತು ಹೆಚ್ಚು ಆಳಕ್ಕೆ ನಾಟುತ್ತದೆ. ಹಾಗೆ ಅಂದವರೇ ಭಾನುವಾರ ಕರ್ತನ ಮೇಜಿನ ಮುಂದೆ ನಮ್ಮ ಪಕ್ಕದಲ್ಲಿ ಮೊಣಕಾಲೂರಿರುತ್ತಾರೆ. ಹೊಸದಾಗಿ ಈ ಸೇವೆಗೆ ಬರುವ ತಂಗಿಯರು ನನ್ನ ಹತ್ತಿರ ಡ್ರೆಸ್ಸಿಂಗಿನ ವಿಚಾರ ಕೇಳುವುದಕ್ಕಿಂತ ಹೆಚ್ಚಾಗಿ ಇದನ್ನೇ ಕೇಳುತ್ತಾರೆ: ನಮ್ಮವರೇ ಕೈ ಬಿಟ್ಟರೆ ಏನು ಮಾಡುವುದು, ಅಕ್ಕ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ದೇವರ ಹತ್ತಿರ ದೂರಿ. ಹೆಸರು ಹಿಡಿದೇ ದೂರಿ.

‘ಪರವಾಗಿಲ್ಲ, ಎಲ್ಲ ಒಳ್ಳೆಯದಕ್ಕೇ’ ಎಂದು ಕೂಡಲೇ ನಗುವುದು ವಿಶ್ವಾಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕೀರ್ತನೆಗಳ ಪುಸ್ತಕ ಹಾಗೆ ಹೇಳುವುದಿಲ್ಲ. 55ನೆಯ ಕೀರ್ತನೆಯಲ್ಲಿ ದಾವೀದನ ನೋವು ಶತ್ರುವಿನಿಂದ ಬಂದದ್ದಲ್ಲ, ದೇವಾಲಯಕ್ಕೆ ಜೊತೆಯಾಗಿ ಹೋಗುತ್ತಿದ್ದ ಗೆಳೆಯನಿಂದ ಬಂದದ್ದು. 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆಪ್ತರು ದೂರವಾದರು ಎಂಬ ಅಳಲನ್ನು ಆ ಭಕ್ತ ದೇವರ ಎದುರಿಗೇ ಇಡುತ್ತಾನೆ. ಅಂಥ ಪ್ರಾರ್ಥನೆಯನ್ನೂ ಪವಿತ್ರ ಗ್ರಂಥದೊಳಗೆ ಸೇರಿಸಿ ನಮ್ಮ ಕೈಗೆ ಕೊಟ್ಟಿದ್ದಾರೆ.

ಆದ್ದರಿಂದ ಒಬ್ಬರೇ ಇರುವಾಗ, ಬಾಗಿಲು ಹಾಕಿಕೊಂಡು, ಇಂಥವರು ಹೀಗೆ ಅಂದರು, ನನಗೆ ನೋವಾಗಿದೆ ಎಂದು ಹೇಳಿಬಿಡಿ. ಅಳಬೇಕೆನಿಸಿದರೆ ಅಳಿ. ಆದರೆ ಅದೇ ಮಾತನ್ನು ಸಂಜೆಯ ಕೂಟದಲ್ಲಿ ಎದ್ದು ನಿಂತು ಪ್ರಾರ್ಥನೆಯ ರೂಪದಲ್ಲಿ ಹೇಳಬೇಡಿ. ‘ಕರ್ತನೇ, ಕೆಲವರ ಕಲ್ಲು ಹೃದಯವನ್ನು ಕರಗಿಸು’ ಎಂದು ಎಲ್ಲರ ಮುಂದೆ ಪ್ರಾರ್ಥಿಸಿದರೆ ಆ ಮಾತು ಪರಲೋಕಕ್ಕೆ ಹೋಗುವುದಿಲ್ಲ, ಮೂರನೆಯ ಬೆಂಚಿನಲ್ಲಿ ಕುಳಿತವರಿಗೆ ಹೋಗಿ ತಾಗುತ್ತದೆ. ಪ್ರಾರ್ಥನೆಯನ್ನು ಕೋಲಾಗಿ ಬಳಸುವುದನ್ನು ನಾನು ಹಲವು ಸಭೆಗಳಲ್ಲಿ ನೋಡಿದ್ದೇನೆ. ಅದರಿಂದ ಯಾರೂ ಬದಲಾದದ್ದನ್ನು ನೋಡಿಲ್ಲ.

2. ಊಟ, ನಿದ್ದೆ ಆಗುವವರೆಗೆ ಯಾರಿಗೂ ಉತ್ತರ ಕೊಡಬೇಡಿ.

ಎಲೀಯನು ‘ಸಾಕಪ್ಪ’ ಎಂದು ಅರಣ್ಯದಲ್ಲಿ ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದನು. ಅವನು ತಿಂದು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದನು. ‘ನಾನೊಬ್ಬನೇ ಉಳಿದೆ’ ಎಂದು ಅವನು ದೂರಿದ್ದು, ಒಬ್ಬನಲ್ಲ, ಏಳು ಸಾವಿರ ಮಂದಿ ಇದ್ದಾರೆ ಎಂಬ ಮಾತು ಅವನಿಗೆ ಸಿಕ್ಕಿದ್ದು ಎರಡೂ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ಹಸಿದ ಹೊಟ್ಟೆಯಲ್ಲಿ ಕಮಿಟಿಯವರಿಗೆ ವಾಟ್ಸ್ಆ್ಯಪ್ ಸಂದೇಶ ಬರೆಯಬೇಡಿ ಎಂದು ನಮ್ಮ ಗುಂಪಿನಲ್ಲಿ ನಿಯಮವನ್ನೇ ಮಾಡಿದ್ದೇವೆ.

3. ಇಲ್ಲ ಅನ್ನುವ ಸ್ವಾತಂತ್ರ್ಯ ಇದ್ದರೆ ಮಾತ್ರ ಕಾಣಿಕೆ ಕಾಣಿಕೆಯಾಗುತ್ತದೆ.

ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಮಕೆದೋನ್ಯ, ಅಖಾಯಗಳಲ್ಲಿ ಹಣ ಕೂಡಿಸಿದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳು ಪೂರ್ತಿ ಇದೇ ವಿಷಯ. ಬೇಸರದಿಂದಲೋ ಒತ್ತಾಯಕ್ಕೋ ಯಾರೂ ಕೊಡುವುದು ಬೇಡ ಎಂದು ಅಲ್ಲಿ ಖಡಾಖಂಡಿತವಾಗಿ ಹೇಳುತ್ತಾನೆ. ಫಿಲೆಮೋನನಿಗೆ ಬರೆದ ಚಿಕ್ಕ ಪತ್ರದಲ್ಲೂ ಹಾಗೆಯೇ. ಫಿಲೆಮೋನನ ದಾಸನಾದ ಒನೇಸಿಮನನ್ನು ತನ್ನ ಸೇವೆಗೆ ಇಟ್ಟುಕೊಳ್ಳುವ ಆಸೆ ಪೌಲನಿಗೆ ಇತ್ತು, ಆದರೂ ಫಿಲೆಮೋನನು ಒಪ್ಪದೆ ಇಟ್ಟುಕೊಳ್ಳಲು ಇಷ್ಟಪಡಲಿಲ್ಲ, ವಾಪಸು ಕಳಿಸಿದನು.

ಹಾಗಾದರೆ ನಾವು ಕೇಳುವಾಗಲೇ ಎದುರಿನವರಿಗೆ ಇಲ್ಲ ಅನ್ನಲು ಜಾಗ ಬಿಟ್ಟು ಕೇಳಬೇಕು. ‘ಯೇಸುಸ್ವಾಮಿಗೋಸ್ಕರ ಇಷ್ಟೂ ಆಗುವುದಿಲ್ಲವೇ?’ ಎಂದು ಕೇಳಿದರೆ ಯಾರೂ ಇಲ್ಲ ಅನ್ನಲಾರರು. ಹೀಗೆ ಹಿಂಡಿ ತೆಗೆದ ಹಣದಿಂದ ನಾನು ಗಾಯಕ್ಕೆ ಹತ್ತಿ ಕೊಳ್ಳಲಾರೆ. ಕೊಟ್ಟವರು ಎರಡನೆಯ ಸಲ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಾರೆ, ಅದು ಹಣ ಸಿಗದೇ ಇರುವುದಕ್ಕಿಂತ ದೊಡ್ಡ ನಷ್ಟ. ಸುಗ್ಗಿ ಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಗೆ ನಗುನಗುತ್ತಾ ಮೇಲೆ ಮೇಲೆ ಕೂಗುವವರನ್ನು ನೋಡಿದರೆ ಸಂತೋಷದ ಕಾಣಿಕೆ ಹೇಗಿರುತ್ತದೆ ಎಂಬುದು ಗೊತ್ತಾಗುತ್ತದೆ.

4. ಆ ‘ಇಲ್ಲ’ದ ಒಳಗೆ ಏನಿದೆ ಎಂದು ನೋಡಿ.

ನರ್ಸುಗಳಿಗೆ ಇದು ಅಭ್ಯಾಸ. ರೋಗಿ ಊಟ ಬೇಡ ಅಂದರೆ ಹಟ ಎಂದು ಬರೆದುಕೊಳ್ಳುವುದಿಲ್ಲ, ಬಾಯಿ ತೆರೆಸಿ ಹುಣ್ಣಿದೆಯೋ ನೋಡುತ್ತೇವೆ.

ಗೆತ್ಸೇಮನೆಯಲ್ಲಿ ಯೇಸು ಮೂವರು ಶಿಷ್ಯರನ್ನು ಹತ್ತಿರ ಕರೆದು ತನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ಮಲಗಿಬಿಟ್ಟರು. ಮನಸ್ಸಿದೆ, ಮೈಗೆ ಬಲವಿಲ್ಲ ಎಂದು ಆತನೇ ಅವರ ಪರವಾಗಿ ಕಾರಣ ಹೇಳಿದನು. ಅವರು ದುಃಖದಿಂದ ದಣಿದು ಮಲಗಿದ್ದರು ಎಂದು ಬರೆದಿರುವವನು ಲೂಕ, ವೈದ್ಯನಾದ ಲೂಕ. ನಮ್ಮ ಜೊತೆ ಬರಲು ಒಪ್ಪದ ಒಬ್ಬ ಗೆಳತಿಯ ಮನೆಯಲ್ಲಿ ಮರೆಗುಳಿ ಕಾಯಿಲೆಯ ಅತ್ತೆ ಇದ್ದರು. ರಾತ್ರಿಯೆಲ್ಲ ಎದ್ದು ಬಾಗಿಲ ಚಿಲಕ ತೆಗೆಯುವ ಅತ್ತೆ. ಆಕೆಯ ‘ಆಗುವುದಿಲ್ಲ’ ನಿಜವಾಗಿಯೂ ಆಗುವುದಿಲ್ಲವೇ. ಬೆಂಬಲ ಬೇಕಾದದ್ದು ಆಕೆಗೆ. ನಮ್ಮ ಪಟ್ಟಿಯಲ್ಲಿ ಆಕೆಯ ಮನೆಯನ್ನೂ ಸೇರಿಸಿದೆವು.

ಕೆಲವು ನಿರಾಕರಣೆಗಳೊಳಗೆ ಸರಿಯಾದ ಪ್ರಶ್ನೆ ಇರುತ್ತದೆ. ಒಬ್ಬ ವೈದ್ಯರು ನಮ್ಮ ಗುಂಪಿಗೆ ಹೆಸರು ಕೊಡಲು ಒಪ್ಪಲಿಲ್ಲ. ನೋವಿನ ರೋಗಿಗೆ ಮಾರ್ಫಿನ್ ಬೇಕಾದರೆ ನೀವೇನು ಮಾಡುತ್ತೀರಿ ಎಂದು ಕೇಳಿದರು. 2014ರಲ್ಲಿ ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದು ಕ್ರಮ ಸರಳವಾಯಿತು, ನಿಜ. ಆದರೂ ಮಾರ್ಫಿನ್ ಸಿಗುವುದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ, ವೈದ್ಯರ ಚೀಟಿಯ ಮೇಲೆ. ಮನೆಮನೆಗೆ ಹೋಗುವ ನಾವು ಅಂಥ ಸಂಸ್ಥೆಯೊಂದರ ಜೊತೆ ಕೈ ಜೋಡಿಸಿಯೇ ಕೆಲಸ ಮಾಡಬೇಕು ಎಂಬುದು ಅವರ ಮಾತಿನ ಅರ್ಥ. ಹಾಗೆಯೇ ಮಾಡಿದೆವು. ಇವತ್ತು ಕ್ಯಾನ್ಸರ್ ರೋಗಿಗಳು ರಾತ್ರಿ ಸ್ವಲ್ಪವಾದರೂ ನಿದ್ದೆ ಮಾಡುತ್ತಿದ್ದರೆ ಅದರಲ್ಲಿ ಆ ವೈದ್ಯರ ನಿರಾಕರಣೆಯ ಪಾಲೂ ಇದೆ.

ಇನ್ನು ಕೆಲವದರಲ್ಲಿ ಹುಡುಕಿದರೂ ಏನೂ ಇರುವುದಿಲ್ಲ. ಅವರಿಗೆ ಮನಸ್ಸಿಲ್ಲ, ಅಷ್ಟೇ. ಅದಕ್ಕೆ ಆಳವಾದ ಅರ್ಥ ಕಟ್ಟುತ್ತಾ ಕೂರಬೇಡಿ. ಸೈತಾನನ ಕೆಲಸ ಎಂದೂ ಅನ್ನಬೇಡಿ, ಇದು ದೇವರ ಚಿತ್ತವಲ್ಲ ಎಂಬುದಕ್ಕೆ ಗುರುತು ಎಂದೂ ತಿಳಿಯಬೇಡಿ.

5. ಹೊರಟುಹೋದವರನ್ನು ಕೆಟ್ಟವರನ್ನಾಗಿ ಮಾಡದೆಯೂ ಕೆಲಸ ಮುಂದುವರಿಸಬಹುದು.

ಇದನ್ನು ನಾನು ಕಲಿತದ್ದು ಪಂಡಿತಾ ರಮಾಬಾಯಿಯವರ ಜೀವನದಿಂದ. ಕರಾವಳಿಯವರಾದ ನಮಗೆ ಅವರು ಪರಕೀಯರಲ್ಲ. 1858ರಲ್ಲಿ ಹುಟ್ಟಿದ್ದು ಕಾರ್ಕಳದ ಮಾಳದ ಕಡೆಯ ಘಟ್ಟದ ಕಾಡು ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ತಮ್ಮವರ ವಿರೋಧ ಕಟ್ಟಿಕೊಂಡವರು. 1870ರ ದಶಕದ ಬರಗಾಲದಲ್ಲಿ ರಮಾಬಾಯಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದರು. ಹಣ ಬರುತ್ತಿದ್ದದ್ದು ಅಮೆರಿಕದ ರಮಾಬಾಯಿ ಅಸೋಸಿಯೇಶನ್‌ನಿಂದ. ಇಲ್ಲಿನ ಸಲಹಾ ಮಂಡಳಿಯಲ್ಲಿ ಮಹಾದೇವ ಗೋವಿಂದ ರಾನಡೆ, ಆರ್.ಜಿ. ಭಂಡಾರ್ಕರ್ ಅವರಂಥ ದೊಡ್ಡವರಿದ್ದರು. ಧರ್ಮದ ವಿಚಾರದಲ್ಲಿ ಸದನ ತಟಸ್ಥವಾಗಿರುತ್ತದೆ ಎಂಬುದು ಒಪ್ಪಂದ.

ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಅವರನ್ನು ಎಬ್ಬಿಸಿ ಕಳಿಸಲು ರಮಾಬಾಯಿಗೆ ಮನಸ್ಸಾಗಲಿಲ್ಲ. ಪುಣೆಯಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮಂಡಳಿಗೆ ರಾಜೀನಾಮೆ ಕೊಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಕ್ರೈಸ್ತರಾದ ನಾವು ಈ ಕಥೆ ಹೇಳುವಾಗ ರಾಜೀನಾಮೆ ಕೊಟ್ಟವರನ್ನು ಖಳರನ್ನಾಗಿ ಮಾಡುತ್ತೇವೆ. ಅದು ನ್ಯಾಯವಲ್ಲ. ಮನೆಯವರು ಆ ಹೆಣ್ಣುಮಕ್ಕಳನ್ನು ಕಳಿಸಿದ್ದು ರಾನಡೆಯಂಥವರ ಮುಖ ನೋಡಿ. ಕೊಟ್ಟ ಮಾತಿಗೆ ಭಂಗ ಬಂತೆಂದು ಅವರಿಗೆ ಅನಿಸಿದಾಗ ಹಿಂದೆ ಸರಿದರು. ವಿಧವೆಯರ ಪರವಾಗಿ ದುಡಿದ ಅವರ ಕೆಲಸ ಅದರಿಂದ ಸಣ್ಣದಾಗುವುದಿಲ್ಲ. ರಮಾಬಾಯಿಯ ಅಂತಃಕರಣದ ಬಗ್ಗೆಯೂ ನನಗೆ ಅಷ್ಟೇ ಗೌರವ ಇದೆ. ತನ್ನ ಪ್ರಾರ್ಥನೆಯ ಬಾಗಿಲನ್ನು ಮುಚ್ಚು ಅಂದರೆ ಆಕೆ ಹೇಗೆ ಮುಚ್ಚಿಯಾರು? ಎರಡೂ ಕಡೆ ಪ್ರಾಮಾಣಿಕರೇ ಇದ್ದು ದಾರಿ ಬೇರೆಯಾಗುವುದುಂಟು.

ಕ್ರೈಸ್ತರ ಕಡೆಯಿಂದಲೂ ಅವರಿಗೆ ಪೂರ್ತಿ ಒಪ್ಪಿಗೆ ಸಿಗಲಿಲ್ಲ. ವಾಂಟೇಜ್‌ನ ಸಿಸ್ಟರ್ ಜೆರಾಲ್ಡಿನ್ ಜೊತೆ ಸಿದ್ಧಾಂತದ ವಿಷಯವಾಗಿ ವಾಗ್ವಾದವೇ ನಡೆಯಿತು, ಆ ಪತ್ರಗಳು ಇವತ್ತೂ ಉಳಿದಿವೆ. ನನ್ನ ಮನಸ್ಸಾಕ್ಷಿಯನ್ನು ಯಾರಿಗೂ ಒಪ್ಪಿಸಲಾರೆ ಎಂದು ರಮಾಬಾಯಿ ನಿಂತರು. ಹಾಗಿದ್ದೂ ಪತ್ರಗಳಲ್ಲಿ ಆ ಸಿಸ್ಟರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಮಗಳು ಮನೋರಮೆ ಆಕೆಯ ಆರೈಕೆಯಲ್ಲಿ ಇದ್ದಳು. ವಾದವೂ ನಿಲ್ಲಲಿಲ್ಲ, ಸಂಬಂಧವೂ ಕಡಿಯಲಿಲ್ಲ.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವಿನಿಂದ ತನ್ನವರನ್ನು ಕಳೆದುಕೊಂಡಿದ್ದ ರಮಾಬಾಯಿ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಅವರ ಮುಕ್ತಿ ಆಶ್ರಮ ಬೆಳೆದದ್ದು ಹೀಗೆ. ಮುಂದೆ ಮನೋರಮೆ ನಮ್ಮ ಗುಲ್ಬರ್ಗಕ್ಕೆ ಬಂದು 1912ರಲ್ಲಿ ಅಲ್ಲಿ ಶಾಲೆ ತೆರೆದರು. ಸಲಹಾ ಮಂಡಳಿ ಬಿಟ್ಟುಹೋದ ದಿನ ಇದು ಯಾವುದೂ ರಮಾಬಾಯಿಗೆ ಕಂಡಿರಲಿಲ್ಲ. ಕಂಡದ್ದು ಉಳಿದ ಹುಡುಗಿಯರು. ಅವರಿಗೆ ಮರುದಿನವೂ ಅಡುಗೆಯಾಗಬೇಕಿತ್ತು, ಪಾಠವಾಗಬೇಕಿತ್ತು.

6. ಬೆಂಕಿ ಬೇಡ. ಮುಂದಿನ ಹಳ್ಳಿಗೆ ಹೋಗಿ.

ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಒಳಗೆ ಸೇರಿಸಲಿಲ್ಲ. ಆಕಾಶದಿಂದ ಬೆಂಕಿ ಬೀಳಲಿ ಎಂದು ಹೇಳೋಣವೇ ಎಂದು ಯಾಕೋಬ, ಯೋಹಾನ ಕೇಳಿದರು. ಆತನು ಅವರನ್ನು ಗದರಿಸಿದನು. ಆಮೇಲೆ ಎಲ್ಲರೂ ಬೇರೊಂದು ಹಳ್ಳಿಗೆ ಹೋದರು. ಲೂಕನ ಸುವಾರ್ತೆಯ 9ನೆಯ ಅಧ್ಯಾಯದ ಈ ಪ್ರಸಂಗವನ್ನು ಅಲ್ಲಿಗೇ ಬಿಡಬೇಡಿ. ಮುಂದಿನ ಅಧ್ಯಾಯದಲ್ಲೇ ಯೇಸು ಹೇಳಿದ ಸಾಮತಿಯಲ್ಲಿ ಗಾಯಾಳುವಿನ ಗಾಯ ಕಟ್ಟುವವನು ಒಬ್ಬ ಸಮಾರ್ಯದವನು. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯಕ್ಕೆ ಬಂದರೆ, ಸಮಾರ್ಯದ ಹೊಸ ವಿಶ್ವಾಸಿಗಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಪೇತ್ರನ ಜೊತೆ ಹೋದವನು ಯೋಹಾನ. ಬೆಂಕಿ ಕೇಳಿದ ಅದೇ ಯೋಹಾನ. ಆವತ್ತು ಬೆಂಕಿ ಬಿದ್ದಿದ್ದರೆ ಕೈಯಿಡಲು ಅಲ್ಲಿ ತಲೆಗಳೇ ಇರುತ್ತಿರಲಿಲ್ಲ.

ಕೆಲವು ಮನೆಗಳಲ್ಲಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮತಾಂತರಕ್ಕೆ ಬಂದಿರಾ ಎಂದು ಕೇಳುತ್ತಾರೆ. ಇಲ್ಲ, ಅಜ್ಜನ ಬೆನ್ನಿನ ಹುಣ್ಣಿಗೆ ಬಂದದ್ದು ಎಂದು ಹೇಳುತ್ತೇವೆ. ಮನೆಯವರು ತಾವಾಗಿ ಕೇಳದೆ ನಾವು ರೋಗಿಯ ಹಾಸಿಗೆಯ ಬಳಿ ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲ. ಅಲ್ಲಾಡಲಾಗದವರ ಮೇಲೆ ನಮ್ಮ ಪ್ರಾರ್ಥನೆ ಹೇರುವುದು ತಪ್ಪು ಎಂದೇ ನನ್ನ ನಂಬಿಕೆ. ಅಷ್ಟು ಹೇಳಿಯೂ ಬೇಡ ಅಂದರೆ ಮಗ್ಗುಲು ಬದಲಿಸುವ ಚಾರ್ಟು, ಒಂದು ಫೋನ್ ನಂಬರ್ ಕೊಟ್ಟು ಮುಂದಿನ ಮನೆಗೆ ಹೋಗುತ್ತೇವೆ. ಕೆಲವರು ವಾರ ಕಳೆದ ಮೇಲೆ ಫೋನ್ ಮಾಡುತ್ತಾರೆ. ಮಾಡದವರೂ ಇದ್ದಾರೆ. ಚಾರ್ಟಂತೂ ಅವರ ಮನೆಯಲ್ಲಿ ಇರುತ್ತದೆ.

7. ಲೆಕ್ಕಕ್ಕೆ ಹಿಡಿಯಬೇಡಿ, ಆದರೆ ಕೇಳುವುದನ್ನೂ ಬಿಡಬೇಡಿ.

ಬೆಂಬಲ ಸಿಗದೆ ಸೋತವರು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಪೌಲನು ಸೆರೆಯಲ್ಲಿದ್ದಾನೆ. ಮೊದಲ ವಿಚಾರಣೆಯ ದಿನ ಅವನ ಪರವಾಗಿ ಒಬ್ಬರೂ ಬರಲಿಲ್ಲ. ಅದು ಅವರ ಲೆಕ್ಕಕ್ಕೆ ಸೇರದಿರಲಿ ಎಂದು ಬೇಡಿಕೊಳ್ಳುತ್ತಾನೆ. ಕರ್ತನು ತನ್ನ ಹತ್ತಿರ ನಿಂತು ಬಲ ಕೊಟ್ಟನೆಂದು ಹೇಳುತ್ತಾನೆ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಪತ್ರದಲ್ಲಿ ಇನ್ನೂ ಇದೆ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನು ತಾ, ಮುಖ್ಯವಾಗಿ ಚರ್ಮದ ಸುರುಳಿಗಳನ್ನು ತಾ, ಚಳಿಗಾಲಕ್ಕೆ ಮುಂಚೆ ಬಂದು ಸೇರು ಎಂದು ಕೇಳುತ್ತಾನೆ. ಕರ್ತನು ಹತ್ತಿರ ನಿಂತಿದ್ದಾನೆ ಎಂದು ಬರೆದ ಅದೇ ಕೈ ಚಳಿಗೆ ಬಟ್ಟೆಯನ್ನೂ ಕೇಳಿ ಬರೆಯಿತು. ದೇವರು ಸಾಕು ಎಂಬ ಮಾತಿಗೂ ಮನುಷ್ಯರನ್ನು ಕೇಳುವುದಕ್ಕೂ ಅವನಲ್ಲಿ ಜಗಳವಿಲ್ಲ.

ಮಾರ್ಕನನ್ನು ಜೊತೆಗೆ ಕರೆತಾ ಎಂದೂ ಬರೆಯುತ್ತಾನೆ. ಪಂಫುಲ್ಯದಲ್ಲಿ ಪೌಲನನ್ನು ಅರ್ಧದಾರಿಯಲ್ಲಿ ಬಿಟ್ಟು ಊರಿಗೆ ಹೋದವನು ಈ ಮಾರ್ಕ. ಅವನಿಂದಾಗಿಯೇ ಪೌಲನಿಗೂ ಬಾರ್ನಬನಿಗೂ ಜಗಳವಾಗಿ ದಾರಿ ಬೇರೆಯಾಯಿತು. ಈಗ ಅವನೇ ಬೇಕು, ಸೇವೆಗೆ ಉಪಯುಕ್ತನು ಅನ್ನುತ್ತಾನೆ. ಕಂಚುಗಾರ ಅಲೆಕ್ಸಾಂದ್ರನ ವಿಷಯವೂ ಅಲ್ಲಿದೆ: ನನಗೆ ಬಹಳ ಕೇಡು ಮಾಡಿದ್ದಾನೆ, ನೀನೂ ಜಾಗ್ರತೆ ಎಂದು ತಿಮೊಥೆಯನಿಗೆ ಎಚ್ಚರಿಕೆ ಕೊಡುತ್ತಾನೆ. ಬೆಂಬಲಿಸದವರು ಬೇರೆ, ಕೇಡು ಮಾಡುವವರು ಬೇರೆ. ಮೊದಲನೆಯವರನ್ನು ಎರಡನೆಯವರ ಸಾಲಿಗೆ ತಳ್ಳಬೇಡಿ. ಎರಡನೆಯವರ ವಿಚಾರದಲ್ಲಿ ಕ್ಷಮೆಯೂ ಇರಲಿ, ಎಚ್ಚರವೂ ಇರಲಿ.

ಕೇಳುವುದೇ ಅವಿಶ್ವಾಸ ಎನ್ನುವ ವಿಶ್ವಾಸಿಗಳಿದ್ದಾರೆ. ಅವರು ಜಾರ್ಜ್ ಮುಲ್ಲರ್ ಹೆಸರು ಹೇಳುತ್ತಾರೆ. 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದ ಮುಲ್ಲರ್ ಯಾವ ಮನುಷ್ಯರ ಹತ್ತಿರವೂ ಹಣ ಕೇಳದೆ ಪ್ರಾರ್ಥನೆ ಮಾತ್ರ ಮಾಡಿ ಸಾವಿರಾರು ಮಕ್ಕಳನ್ನು ಸಾಕಿದರು, ನಿಜ. ಅದು ಅವರಿಗೆ ಬಂದ ಕರೆ. ನನಗೆ ಅದರ ಮೇಲೆ ಬಹಳ ಗೌರವ. ಆದರೆ ಮೇಲಂಗಿ ಕೇಳಿದ ಪೌಲನು ಮುಲ್ಲರ್‌ಗಿಂತ ಕಡಿಮೆ ವಿಶ್ವಾಸಿ ಎಂದು ಹೇಳಲು ನಾನು ಸಿದ್ಧಳಿಲ್ಲ.

ಹೇಗೆ ಕೇಳಬೇಕು ಎಂಬುದಕ್ಕೆ ಆ ಮೇಲಂಗಿಯೇ ಪಾಠ. ‘ನಮ್ಮ ಸೇವೆಯನ್ನು ಬೆಂಬಲಿಸಿ’ ಎಂದರೆ ಜನರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಹೆದರುತ್ತಾರೆ. ವಸ್ತು ಹೇಳಿ, ಅದು ಎಲ್ಲಿದೆ ಹೇಳಿ, ಯಾವಾಗ ಬೇಕು ಹೇಳಿ. ಹಣ ಕೊಡಲು ಒಪ್ಪದ ಒಬ್ಬ ಅಂಗಡಿಯವರ ಹತ್ತಿರ ಮತ್ತೊಮ್ಮೆ ಹೋದಾಗ ನಾನು ಕೇಳಿದ್ದು ಮನೆಯಲ್ಲಿರುವ ಹಳೆಯ ಹತ್ತಿಯ ಪಂಚೆಗಳನ್ನು. ಹತ್ತಾರು ಸಲ ಒಗೆದು ಮೆತ್ತಗಾದ ಬಿಳಿ ಪಂಚೆಯಷ್ಟು ಒಳ್ಳೆಯ ಬಟ್ಟೆ ನಮಗೆ ಇನ್ನೊಂದಿಲ್ಲ. ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ರೋಗಿಯ ಅಡಿಗೆ ಹಾಸುತ್ತೇವೆ. ಇಬ್ಬರು ಎರಡು ಕಡೆ ಅಂಚನ್ನು ಸುತ್ತಿ ಹಿಡಿದು ಒಟ್ಟಿಗೆ ಎತ್ತಿದರೆ ಎಷ್ಟೇ ಭಾರದವರನ್ನೂ ಮೈ ಉಜ್ಜದೆ ಸರಿಸಬಹುದು. ಉಜ್ಜಿದಲ್ಲಿ ಚರ್ಮ ಕೀಳುತ್ತದೆ, ಹುಣ್ಣು ಅಲ್ಲಿಂದಲೂ ಶುರುವಾಗುತ್ತದೆ. ಇದನ್ನೆಲ್ಲ ಅಂಗಡಿಯಲ್ಲಿ ನಿಂತು ಕೈಸನ್ನೆ ಮಾಡಿ ವಿವರಿಸಿದೆ. ಅವರು ಕೇಳಿಸಿಕೊಂಡರು. ಒಗೆದು ಇಸ್ತ್ರಿ ಹಾಕಿದ ಪಂಚೆಗಳ ಒಂದು ಕಟ್ಟು ನಮ್ಮ ಟೀಚರ್ ಮನೆಗೆ ಬಂತು. ಹಣವನ್ನು ಅವರು ಇವತ್ತಿಗೂ ಕೊಟ್ಟಿಲ್ಲ. ನಾನು ಮತ್ತೆ ಕೇಳಲೂ ಇಲ್ಲ. ಪಂಚೆಗಳು ಬರುತ್ತಲೇ ಇವೆ.

ಸಭೆಯ ಕಮಿಟಿಗೆ ಪ್ರತಿ ವರ್ಷ ಬಜೆಟ್ಟಿಗೆ ಮುಂಚೆ ನಮ್ಮ ಅರ್ಜಿ ಹೋಗುತ್ತದೆ. ಹಿಂದಿನ ವರ್ಷ ತಿರಸ್ಕರಿಸಿದ್ದರ ಪ್ರಸ್ತಾಪ ಅದರಲ್ಲಿ ಇರುವುದಿಲ್ಲ. ಎಷ್ಟು ಮನೆ, ಎಷ್ಟು ಗಾಳಿ ಹಾಸಿಗೆ ಬೇಕು, ಒಂದರ ಬೆಲೆ ಎಷ್ಟು, ಜೊತೆಗೆ ಖರ್ಚಿನ ಲೆಕ್ಕದ ಪ್ರತಿ.

8. ಇಲ್ಲ ಅಂದವರು ಹಾಸಿಗೆ ಹಿಡಿದಾಗ.

ಊರು ಸಣ್ಣದು, ವಯಸ್ಸು ಎಲ್ಲರಿಗೂ ಆಗುತ್ತದೆ. ಈ ಕೆಲಸ ಸಭೆಯದ್ದಲ್ಲ ಎಂದು ಕಮಿಟಿಯಲ್ಲಿ ಗಟ್ಟಿಯಾಗಿ ವಾದಿಸಿದ್ದ ಒಬ್ಬರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಮ್ಮನ್ನು ಕರೆಯಲು ಅವರ ಹೆಂಡತಿಗೆ ಸಂಕೋಚ. ಪಕ್ಕದ ಮನೆಯವರಿಂದ ನಮಗೆ ಸುದ್ದಿ ಬಂತು.

ಇಂಥ ಮನೆಗೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಅವರ ಹೆಸರನ್ನು ಪಟ್ಟಿಯಲ್ಲಿ ಬಂದ ಸರದಿಯಲ್ಲೇ ಬರೆಯಿರಿ. ದೊಡ್ಡ ಮನಸ್ಸು ತೋರಿಸಲು ಮುಂದಕ್ಕೂ ಹಾಕಬೇಡಿ, ಹಿಂದಕ್ಕೂ ತಳ್ಳಬೇಡಿ. ಕಮಿಟಿಯಲ್ಲಿ ಅವರ ಮಾತಿನಿಂದ ಹೆಚ್ಚು ನೊಂದವರೇ ಮೊದಲ ದಿನ ಹೋಗಬೇಕೆಂದಿಲ್ಲ. ನಮ್ಮಲ್ಲಿ ಒಬ್ಬರು ‘ನನ್ನಿಂದ ಈಗ ಆಗದು’ ಅಂದರು. ಬೇರೆಯವರು ಹೋದೆವು. ಮನೆಯೊಳಗೆ ಕಾಲಿಟ್ಟ ಮೇಲೆ ಹಳೆಯ ಮಾತು ಬೇಡ, ಕ್ಷಮಿಸಿದ್ದೇವೆ ಎಂಬ ಮಾತೂ ಬೇಡ. ಮಾತಾಡಲಾಗದವರ ಎದುರು ನಿಂತು ಹಾಗೆ ಹೇಳಿದರೆ ಅವರು ಏನು ಉತ್ತರ ಕೊಟ್ಟಾರು? ಅವರ ಹೆಂಡತಿ ತಾವಾಗಿ ಆ ವಿಷಯ ಎತ್ತಿದರೆ ಕೇಳಿಸಿಕೊಳ್ಳಿ, ಅವರ ಕೈ ಹಿಡಿದುಕೊಳ್ಳಿ, ಆಮೇಲೆ ಕೆಲಸಕ್ಕೆ ಕೈ ಹಾಕಿ.

ಕೆಲಸ ಬೇಕಾದಷ್ಟಿದೆ. ನುಂಗಲು ಕಷ್ಟವಾಗುವುದರಿಂದ ತಲೆದಿಂಬು ಎತ್ತರಿಸಿ ಕೂರಿಸಿಯೇ ಗಂಜಿ ಕೊಡಬೇಕು, ಚಮಚೆಯಲ್ಲಿ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು. ಬಲಗೈ ಜೋತುಬೀಳದಂತೆ ಅಡಿಗೆ ದಿಂಬು ಇಡಬೇಕು. ಮಂಡಿಗಳ ನಡುವೆ ಮಡಚಿದ ಬಟ್ಟೆ, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಣಕಾಲಿನ ಕೆಳಗೆ ಇನ್ನೊಂದು. ಬಾಯಿ ಸ್ವಚ್ಛ ಮಾಡುವುದನ್ನು ಮನೆಯವರು ಮರೆಯುತ್ತಾರೆ, ಅದನ್ನು ಮಾಡಿಯೇ ತೋರಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಚಾರ್ಟನ್ನು ಹಾಸಿಗೆಯಿಂದ ಕಾಣುವ ಗೋಡೆಗೆ ಅಂಟಿಸಿ, ರಾತ್ರಿಯ ಸರದಿ ಯಾರದ್ದು ಎಂದು ಮಗನ ಹತ್ತಿರ ಬರೆಸಿ, ಮತ್ತೆ ಬರುವುದು ಯಾವ ದಿನ ಎಂದು ರೋಗಿಗೂ ಕೇಳುವಂತೆ ಹೇಳಿ ಹೊರಡಿ.